ಆರು ನಿಮಿಷದ ಸೈಕಲ್ಲು

"ಎರಡು ಮಾತ್ರೆ ಇಲ್ಲ! ನಿನ್ನೆ ಎಂಟಿದ್ವು, ಈಗ ಆರೇ ಇದಾವೆ!"

ಅಗ್ನಿಶಾಮಕ ಠಾಣೆಯ ಗೇಟಿನ ಕಾವಲುಗಾರ ಹೀಗೆ ಕೂಗಿದಾಗ ಬೆಳಗಿನ ಹನ್ನೊಂದು ಗಂಟೆ. ಅವು ಎದೆಬಡಿತ ತಗ್ಗಿಸುವ ಮಾತ್ರೆಗಳು. ಡಾಕ್ಟರು ಅವನಿಗೆಂದೇ ಬರೆದುಕೊಟ್ಟದ್ದು, ಗೇಟಿನ ಕೋಣೆಯ ಡ್ರಾಯರಿನಲ್ಲಿ ಇರುತ್ತಿದ್ದವು. ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಠಾಣೆಯಲ್ಲಿ ವರ್ಷದ ದಮ್ಮಿನ ಪರೀಕ್ಷೆ!

ಪರೀಕ್ಷೆ ನಡೆಸಿದವರು ನಾವಿಬ್ಬರು. ಒಬ್ಬರು ಠಾಣೆಯವರೆಲ್ಲ ನಾಡಿ ಮೇಡಂ ಎನ್ನುವ ಪರೀಕ್ಷಕಿ. ಇನ್ನೊಬ್ಬ ನಾನು, ಅವರ ಸಹಾಯಕ. ಎದೆಗೆ ನಾಡಿಪಟ್ಟಿ ಕಟ್ಟುವುದು, ಅಂಕಿ ಬರೆದುಕೊಳ್ಳುವುದು, ಬೈಸಿಕೊಳ್ಳುವುದು ನನ್ನ ಕೆಲಸ. ನಮ್ಮ ಪರೀಕ್ಷೆಯಲ್ಲಿ ಯಾರನ್ನೂ ಸುಸ್ತಾಗಿ ಬೀಳುವವರೆಗೆ ದಣಿಸುವುದಿಲ್ಲ. ನಿಂತಲ್ಲೇ ತುಳಿಯುವ ಸೈಕಲ್ಲು, ಎಲ್ಲರಿಗೂ ಒಂದೇ ಭಾರ, ಆರು ನಿಮಿಷ. ಕೊನೆಗೆ ನಾಡಿ ಎಷ್ಟಕ್ಕೆ ಏರಿದೆ ನೋಡಿ, ಹೃದಯ ಶ್ವಾಸಕೋಶಗಳ ಪೂರ್ತಿ ತಾಕತ್ತನ್ನು ಲೆಕ್ಕ ಹಾಕುತ್ತೇವೆ. ಅಷ್ಟೇ ಕೆಲಸಕ್ಕೆ ನಾಡಿ ಕಡಿಮೆ ಏರಿದರೆ ದಮ್ಮು ಜಾಸ್ತಿ ಎಂದರ್ಥ. ದಮ್ಮಿದ್ದವರಿಗೆ ಮಾತ್ರ ಮುಖವಾಡ ತಂಡದಲ್ಲಿ ಜಾಗ. ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿ ಹೊಗೆಯೊಳಗೆ ನುಗ್ಗುವವರು ಅವರೇ.

ಠಾಣಾಧಿಕಾರಿ ಪರೀಕ್ಷೆಯ ಕೋಣೆಯ ಬಾಗಿಲು ಹಾಕಿದರು. "ಬೆಳಿಗ್ಗೆ ಗೇಟಿನ ಕೋಣೆಗೆ ಹೋದೋರು ಮೂವರೇ. ಮೂವರೂ ಇಲ್ಲೇ ಇದಾರೆ."

ಒಬ್ಬ ಪಂಪಿನ ಡ್ರೈವರ್. ಇನ್ನೊಬ್ಬರು ದೊಡ್ಡಣ್ಣ. ಹದಿನೆಂಟು ವರ್ಷದಿಂದ ಮುಖವಾಡ ತಂಡದ ಮುಂದಾಳು, ಠಾಣೆಗೆಲ್ಲ ಅಚ್ಚುಮೆಚ್ಚು. ಮೂರನೆಯವಳು ಆರು ತಿಂಗಳ ಹಿಂದೆ ಅವರ ತಂಡಕ್ಕೇ ಸೇರಿದ ಹುಡುಗಿ. ಎಲ್ಲರೂ ಅವಳನ್ನು ತಂಗಿ ಎನ್ನುತ್ತಿದ್ದರು.

ನಾನು ನೀಟಾಗಿ ಬರೆದುಕೊಟ್ಟಿದ್ದ ಹಾಳೆಯನ್ನು ಅಧಿಕಾರಿ ಓದಿದರು. ಡ್ರೈವರ್, ನೂರ ಐವತ್ತೆಂಟು. ದೊಡ್ಡಣ್ಣ, ನೂರ ಇಪ್ಪತ್ತೆರಡು. ತಂಗಿ, ನೂರ ಇಪ್ಪತ್ನಾಲ್ಕು.

"ಸಾರ್, ನನ್ನ ಬಿಟ್ಬಿಡಿ," ಎಂದ ಡ್ರೈವರ್. "ಮಾತ್ರೆ ನುಂಗಿದ್ರೆ ನನ್ನ ನಾಡಿ ಹಿಂಗೆ ಕುಣೀತಿತ್ತಾ?"

ಆ ಮಾತಿನಲ್ಲಿ ನ್ಯಾಯವಿತ್ತು. ಅಧಿಕಾರಿ ತಂಗಿಯತ್ತ ತಿರುಗಿದರು.

"ಸೇರುವಾಗ ನಿಂದು ನೂರ ಐವತ್ತು. ಆರೇ ತಿಂಗಳಲ್ಲಿ ಇಪ್ಪತ್ತಾರು ಇಳೀತಾ?"

"ದಿನಾ ಸಿಲಿಂಡರ್ ಹೊತ್ತು ತರಬೇತಿ ಗೋಪುರ ಹತ್ತಿದೀನಿ ಸಾರ್. ದಿನಕ್ಕೆ ಹತ್ತು ಸಲ."

"ಗೇಟಿನ ಕೋಣೇಲಿ ನಿನಗೇನು ಕೆಲಸ?"

"ಸೈಕಲ್ ಬೀಗದ ಕೈ ಇಡೋಕೆ ಹೋಗಿದ್ದೆ."

"ದೊಡ್ಡಣ್ಣ, ನೀವು?"

"ಪೇಪರ್ ಓದೋಕೆ. ದಿನಾ ಹೋಗ್ತೀನಲ್ಲ."

"ನಿಮ್ಮ ನಾಡಿ ಹೋದ ವರ್ಷಾನೂ ಇಷ್ಟೇ. ನಿಮ್ಮ ಮೇಲೆ ಅನುಮಾನ ಪಟ್ರೆ ನಾಲಿಗೆ ಬಿದ್ದುಹೋಗುತ್ತೆ." ಅಧಿಕಾರಿ ಪೆನ್ನು ತೆಗೆದರು. "ತಂಗಿ, ಕಳ್ಳತನ, ಪರೀಕ್ಷೇಲಿ ಮೋಸ — ಎರಡನ್ನೂ ಬರೀತಿದೀನಿ. ನಾಳೆಯಿಂದ ಬರಬೇಡ."

ಹುಡುಗಿಯ ಕಣ್ಣಲ್ಲಿ ನೀರು ಇಳಿಯಿತು. ದೊಡ್ಡಣ್ಣ ಕಿಟಕಿಯಾಚೆ ನೋಡುತ್ತಿದ್ದರು. ಆ ಕೆಲಸಕ್ಕಾಗಿ ಅವಳು ಮೆಟ್ಟಿಲು ಸವೆಸಿದ್ದನ್ನು ಠಾಣೆಯೆಲ್ಲ ಕಂಡಿತ್ತು.

"ಸ್ವಲ್ಪ ತಡೀರಿ," ಎಂದರು ನಾಡಿ ಮೇಡಂ. ಅವರ ದನಿಯಲ್ಲಿ ಒಂದಿಷ್ಟೂ ಅವಸರವಿರಲಿಲ್ಲ. ಆಗಲೇ ಉತ್ತರ ಸಿಕ್ಕಿಬಿಟ್ಟಿದೆ ಎಂದು ನನಗೆ ಗೊತ್ತಾಯಿತು. "ಏನಪ್ಪಾ, ಇದು ನೀಟು ಪ್ರತಿ. ಸೈಕಲ್ ಪಕ್ಕ ಕೂತು ಬರೆದ ಪೆನ್ಸಿಲ್ ಹಾಳೆ ಎಲ್ಲಿ?"

"ಬುಟ್ಟೀಲಿ ಹಾಕಿದೆ ಮೇಡಂ..."

"ಹೆಕ್ಕು."

ಕಸದ ಬುಟ್ಟಿಗೆ ಕೈ ಹಾಕಿದೆ. ಮುದುರಿದ್ದ ಹಾಳೆಯನ್ನು ಮೇಡಂ ಮೇಜಿನ ಮೇಲೆ ಉಜ್ಜಿ ಬಿಡಿಸಿದರು.

"ಇಲ್ಲಿ ಎರಡು ಸಾಲು ಅಂಕಿ. ಅಲ್ಲಿ ಒಂದೇ. ಇನ್ನೊಂದು ಎಲ್ಲಿ ಹೋಯ್ತು?"

"ಅದು ಬೆರಳಿನ ಅಂಕಿ. ಕಂಪ್ಯೂಟರು ಕೇಳಲ್ಲ, ನಮೂನೇಲೂ ಜಾಗ ಇಲ್ಲ. ಅದಕ್ಕೇ ಬಿಟ್ಟೆ."

"ಹತ್ತು ವರ್ಷದಿಂದ ಬಿಡ್ತಾನೇ ಇದೀಯಾ?"

ನಾನು ತಲೆ ಕೆರೆದುಕೊಂಡೆ. ಮೇಡಂ ಅಧಿಕಾರಿಗೆ ವಿವರಿಸಿದರು. "ಸೈಕಲ್ ಎದುರಿನ ಗೋಡೇಲಿ ಒಂದು ಹಲಗೆ ಇದೆ. ಆರರಿಂದ ಇಪ್ಪತ್ತರವರೆಗೆ ಅಂಕಿ. ಆರು ಅಂದ್ರೆ ಸುಮ್ಮನೆ ಕೂತಷ್ಟೇ ಆರಾಮು, ಇಪ್ಪತ್ತು ಅಂದ್ರೆ ಇನ್ನಾಗಲ್ಲ. ತುಳಿಯೋರು ಏದುಸಿರು ಬಿಡ್ತಾ ಮಾತಾಡಬಾರದು ಅಂತ, ಎಷ್ಟು ಕಷ್ಟ ಅನ್ನೋದನ್ನ ಹಲಗೆಯ ಅಂಕಿಗೆ ಬೆರಳು ಮಾಡಿ ತೋರಿಸ್ತಾರೆ. ತಂಗಿ, ಕೊನೇ ನಿಮಿಷದಲ್ಲಿ ಎಷ್ಟು ತೋರಿಸಿದೆ?"

"ಹತ್ತು."

"ಹತ್ತೇ ಇದೆ. ದೊಡ್ಡಣ್ಣ, ನೀವು?"

"ಹನ್ನೊಂದೋ... ಹನ್ನೆರಡೋ..."

"ಹದಿನೇಳು." ಮೇಡಂ ಹಾಳೆಯನ್ನು ಅಧಿಕಾರಿಯ ಮುಂದೆ ತಳ್ಳಿದರು.

"ನಾಡಿ ಕಡಿಮೆ ಇರೋಕೆ ಇಲ್ಲಿ ಎರಡು ಕಾರಣ ಸಾಧ್ಯ," ಎಂದರು ಮೇಡಂ. "ಹೃದಯ ಗಟ್ಟಿ ಇರಬೇಕು, ಇಲ್ಲಾ ಯಾರೋ ಅದರ ಲಗಾಮು ಎಳೆದಿರಬೇಕು. ಗಟ್ಟಿ ಇದ್ರೆ ಆ ಭಾರ ಹಗುರ ಅನಿಸುತ್ತೆ. ತಂಗಿಗೆ ಅನಿಸಿತು. ಮಾತ್ರೆ ನಾಡಿ ಇಳಿಸುತ್ತೆ ನಿಜ, ಇಲ್ಲದ ದಮ್ಮನ್ನ ಎಲ್ಲಿಂದ ತಂದುಕೊಡುತ್ತೆ? ನೂರ ಇಪ್ಪತ್ತೆರಡರ ನಾಡಿಗೆ ಹದಿನೇಳರ ಕಷ್ಟ — ಇದು ಹೊಂದಲ್ಲ. ಹೋದ ವರ್ಷ ನಾನೇ ಪಕ್ಕದಲ್ಲಿದ್ದೆ. ಆಗ ಇವರು ತೋರಿಸಿದ್ದು ಹನ್ನೊಂದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಿದೀರಿ ಸಾರ್. ಮಾತ್ರೆ ತಗೊಂಡಿದ್ದು ದೊಡ್ಡಣ್ಣ."

"ಬೆರಳಲ್ಲೂ ಸುಳ್ಳು ಹೇಳಬಹುದಿತ್ತಲ್ಲ?" ಡ್ರೈವರ್ ಕೇಳದೆ ಇರಲಾರದೆ ಕೇಳಿದ.

ಉತ್ತರ ಕೊಟ್ಟದ್ದು ದೊಡ್ಡಣ್ಣನೇ. "ಸುಳ್ಳು ಯೋಚಿಸೋಕೂ ದಮ್ಮು ಬೇಕಪ್ಪ. ಹೇಗಿದ್ರೂ ಆ ಅಂಕಿ ಯಾರೂ ನೋಡಲ್ಲ ಅಂದ್ಕೊಂಡಿದ್ದೆ."

"ದಮ್ಮು ಕಟ್ಟೋಕೆ ಶುರುವಾಗಿ ಎಷ್ಟು ದಿನ ಆಯ್ತು?" ಮೇಡಂ ಮೆಲ್ಲಗೆ ಕೇಳಿದರು.

"ಮೂರು ತಿಂಗಳು. ಎರಡನೇ ಮಹಡಿಗೇ ಕಣ್ಣು ಕತ್ತಲೆ ಬರುತ್ತೆ. ಹೇಳಿದ್ರೆ ಹೊರಗೆ ಪೈಪ್ ಹಿಡಿಯೋಕೆ ನಿಲ್ಲಿಸ್ತಾರೆ ಅಂತ..."

"ಇವತ್ತೇ ಹೃದಯದ ಡಾಕ್ಟರ ಹತ್ತಿರ ಹೋಗಬೇಕು. ಇನ್ನೊಬ್ಬರ ಮಾತ್ರೆ ನುಂಗಿ ಬದುಕಿದೀರಲ್ಲ, ಅದೇ ದೊಡ್ಡದು."

ತಂಗಿ ಎದ್ದು ನಿಂತಳು. ಕಣ್ಣೀರು ಒರೆಸಿಕೊಳ್ಳಲೂ ಇಲ್ಲ.

"ನೀವು ಹೊಗೆಯೊಳಗೆ ಬಿದ್ದಿದ್ರೆ ಎಳೆದು ತರಬೇಕಾಗಿದ್ದು ನಾನು ದೊಡ್ಡಣ್ಣ. ನಿಮ್ಮ ಹಿಂದೆ ಹಗ್ಗ ಹಿಡಿದು ಬರೋಳು ನಾನೇ. ನನ್ನ ಕೆಲಸ ಹೋಗ್ತಿತ್ತು, ನೀವು ಕಿಟಕಿ ನೋಡ್ತಾ ಕೂತಿದ್ರಿ!"

ದೊಡ್ಡಣ್ಣ ತಲೆ ತಗ್ಗಿಸಿದರು. ಅಧಿಕಾರಿ ಅರ್ಧ ಬರೆದ ವರದಿಯನ್ನು ಹರಿದು, ಹೊಸ ಹಾಳೆ ಎಳೆದುಕೊಂಡರು. ಬರೆಯಲು ಕೈ ಬರಲಿಲ್ಲ.

"ಪೆನ್ನು ಇತ್ತ ಕೊಡಿ ಸಾರ್," ಎಂದರು ದೊಡ್ಡಣ್ಣ. "ನಾನೇ ಬರೀತೀನಿ."

ಮೊದಲ ಸಾಲನ್ನು ಮೇಜಿನಾಚೆ ನಿಂತ ನಾನೂ ಓದುವಷ್ಟು ದಪ್ಪಕ್ಷರದಲ್ಲಿ ಬರೆದರು: ಮುಖವಾಡ ತಂಡದ ಮುಂದಾಳಿನ ಜಾಗಕ್ಕೆ ತಂಗಿಯ ಹೆಸರನ್ನು ಸೂಚಿಸುತ್ತೇನೆ.