ಅಕ್ಕಿ ಕಡಿಯುವ ಗಂಗೋತ್ರಿ

ಸಿರುಗುಪ್ಪದ ಆ ರೈಸ್ ಮಿಲ್ಲಿನಲ್ಲಿ ಭತ್ತ ಸರಿಯಾಗಿ ಒಣಗಿದೆಯೇ ಎಂದು ಸುಲಿದು, ಕಾಳು ಹಲ್ಲಲ್ಲಿ ಕಡಿದು ನೋಡುತ್ತಾರೆ. ಹಾಗಾಗಿ ಆಫೀಸಿನ ಗಂಗೋತ್ರಿ ದಿನವಿಡೀ ಅಕ್ಕಿ ಕಡಿಯುತ್ತಿದ್ದರೂ ಯಾರಿಗೂ ಅನುಮಾನ ಬಂದಿರಲಿಲ್ಲ.

ಕುರುಗೋಡಿನಿಂದ ಭತ್ತದ ಸ್ಯಾಂಪಲ್ ತರುತ್ತಿದ್ದ ಚನ್ನಬಸವರಾಜನಿಗೂ ಅದು ತಮಾಷೆಯೇ.

"ಮೇಡಂ, ಸ್ಯಾಂಪಲ್ ಎಲ್ಲಾ ನೀವ ತಿಂದ್ರ ಮಿಲ್ಲಿಗೆ ಏನ್ ಹಾಕೂದ್ರೀ?"

ಅವನ ಕಣ್ಣಂಚಿನ ನಗು ಅವಳವರೆಗೂ ಬಂದು, ಬಾಗಿಲು ತಟ್ಟಿ ಯಾರೂ ತೆಗೆಯದೆ ಮರಳಿದವರಂತೆ ಹಿಂದಿರುಗುತ್ತಿತ್ತು. ಅಪ್ಪ ತೀರಿಕೊಂಡಾಗ ಗಂಗೋತ್ರಿ ಅತ್ತಿರಲಿಲ್ಲ. ಎದೆ ಬಿಗಿದಾಗೆಲ್ಲ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ಕಟಕಟ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಬರಬರುತ್ತ ಊಟ ಬೇಡವಾಯಿತು. ಚನ್ನಬಸವರಾಜ ತಮ್ಮಿಬ್ಬರ ಮದುವೆಯ ಮಾತೆತ್ತಿದಾಗಲೂ ಕಡಿಯುತ್ತಲೇ ಕೂತಿದ್ದಳು.

ಇವತ್ತು ಬೆಳಿಗ್ಗೆ ಲಾರಿ ತೂಗುವ ಕಾಟಾದ ಪಕ್ಕ ತಲೆಸುತ್ತಿ ಕುಸಿದಳು. ಅವನೇ ಬಳ್ಳಾರಿಗೆ ಕರೆತಂದ. ಮೈಯಲ್ಲಿ ರಕ್ತವೇ ಇಲ್ಲ, ಮೊದಲು ಹಸಿ ಅಕ್ಕಿ ತಿನ್ನುವುದು ನಿಲ್ಲಿಸಿ ಎಂದರು ಡಾಕ್ಟರು.

ಆಸ್ಪತ್ರೆಯ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತರು.

"ನೀವು ಕೆಲ್ಸಾ ಮಾಡ್ತೀರಿ ಅನ್ಕಂಡಿದ್ದೆ. ಮ್ಯಾಲೆ ಚಾಷ್ಟಿ ಬ್ಯಾರೆ ಮಾಡಿದೆ," ಎಂದ ಅವನ ಕೈ ಜೇಬಿನ ಗುಟ್ಕಾಕ್ಕೆ ಹೋಯಿತು.

"ನಿಮ್ದೇನು ಕಮ್ಮಿ ಐತಿ?"

"ಟೆನ್ಶನ್ ಆದ್ರ ಇದ ಬೇಕಾಗತೈತ್ರಿ," ಎಂದು ನಾಚಿ ಕೈ ತೆಗೆದ. "ನಾಳೆ ಮೋಕ ಊರಿಗೆ ಹೆಣ್ಣು ನೋಡಾಕ ಹೋಗೂಣು ಅಂತಾಳ ನಮ್ಮವ್ವ. ನೀವು ಏನೂ ಅನ್ನಲಿಲ್ಲ ಅಂದ್ರ ಒಲ್ಲೆ ಅಂದಂಗ ಅಂತ ತಿಳಕಂಡಾಳ. ಏನ್ ಹೇಳ್ಲಿ?"

ಗಂಗೋತ್ರಿ ತನ್ನೊಳಗೆ ಹುಡುಕಿದಳು. ಸಂತೋಷವಿಲ್ಲ, ಭಯವೂ ಇಲ್ಲ.

"ನನಗ ಏನೂ ಅನಸಂಗಿಲ್ರೀ. ಅಪ್ಪ ಹೋದಾಗಿಂದ ಹಿಂಗ. ನಿಮ್ಮ ಮ್ಯಾಲೆ ಮನಸೈತೋ ಇಲ್ಲೋ, ಅದೂ ತಿಳೀವಲ್ದು."

ಅವನು ತಲೆ ತಗ್ಗಿಸಿದ.

"ಆದ್ರ ನೀವು ಮೋಕಕ್ಕ ಹೋಗಬ್ಯಾಡ್ರಿ."

ಚನ್ನಬಸವರಾಜ ಅವಳನ್ನೇ ನೋಡಿದ. ಈ ಸಲ ನಗಲಿಲ್ಲ.

"ಅಳು ಬಂದಾಗ ಬರ್ಲಿ. ಅಲ್ಲೀತನಕ ಬಾಜೂಕ ಕುಂದರ್ತೀನಿ," ಎಂದು ಫೋನ್ ಹಚ್ಚಿದ. "ಯವ್ವಾ, ನಾಳೆ ಮೋಕ ಬ್ಯಾಡ."

"ಯಾಕಲೇ? ಆ ಹುಡುಗಿ ಬಾಯಿ ಬಿಟ್ಲೇನು?" ತಾಯಿ ದಾಕ್ಷಾಯಣಮ್ಮನ ದನಿ ಬೆಂಚಿನ ಆ ತುದಿಗೂ ಕೇಳಿಸಿತು.

ಅವನು ಅವಳತ್ತ ತಿರುಗಿದ. ಗಂಗೋತ್ರಿ ಕೈ ಚಾಚಿ ಫೋನ್ ತೆಗೆದುಕೊಂಡಳು. ಬೆರಳುಗಳು ತಣ್ಣಗಿದ್ದವು. ದನಿ, ಲಾರಿಯ ತೂಕ ಓದಿ ಹೇಳುವಾಗಿನಷ್ಟೇ ಸಪ್ಪಗಿತ್ತು.

"ಅತ್ತೀ, ನಾನು ಗಂಗೋತ್ರಿ," ಎಂದಳು.