ಒಂಬತ್ತನೆಯ ಕಮಾನಿನ ಕಲ್ಲು

ನಮ್ಮ ಮುತ್ತಜ್ಜಿಯ ಮುತ್ತಜ್ಜಿಯೂ ಹುಟ್ಟಿರದ ಕಾಲ. ರತ್ನಗವಿ ಎಂಬ ರಾಜ್ಯದಲ್ಲಿ ಆಳವಾದ ಕಣಿವೆ, ಅದರ ಮೇಲೆ ಹದಿನೇಳು ಕಮಾನಿನ ಕಲ್ಲುಸೇತುವೆ, ಸೇತುವೆಯ ಮೇಲೆ ಉಗಿಬಂಡಿ. ಆಗಲೇ ರೈಲಿತ್ತೇ ಎಂದು ಕೇಳಬೇಡಿ. ಇತ್ತು.

ಸೇತುವೆ ಕಟ್ಟಿದವನ ಮೊಮ್ಮಗಳು ಮಾರಕ್ಕ ಅದನ್ನು ಕಾಯುತ್ತಿದ್ದಳು. ಕಣಿವೆಯಾಚೆ ಅವಳ ತವರು. ದಿನಾ ಬೆಳಿಗ್ಗೆ ಹಗ್ಗದ ಬುಟ್ಟಿಯಲ್ಲಿ ಇಳಿದು, ಒಂದೊಂದೇ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು ಅವರ ಮನೆತನದ ಪದ್ಧತಿ. ಗಟ್ಟಿ ಕಲ್ಲು ಠಣ್ ಎನ್ನಬೇಕು.

ಕಣಿವೆಯ ತಳದಲ್ಲಿ ಕರಾಳದಂತನೆಂಬ ಮಾಂತ್ರಿಕನಿದ್ದ. ಬಂಡಿಯ ಸಿಳ್ಳೆಗೆ ಅವನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಅಷ್ಟಕ್ಕೇ ಸೇತುವೆ ಕೆಡವಲು ಹೊರಟ, ಪುಣ್ಯಾತ್ಮ.

ಮೊದಲ ದಿನ ಮಾಯದ ಉಡವನ್ನು ಬಿಟ್ಟ. ಬೆಲ್ಲ ಬೆರೆಸಿದ ಹಳೆಯ ಗಾರೆಯನ್ನು ಅದು ಪಾಯಸದ ಹಾಗೆ ನೆಕ್ಕಿತು. ಮಾರಕ್ಕ ಅಳಲೆಕಾಯಿ ಕಷಾಯ ಕಲಸಿದ ಹೊಸ ಗಾರೆ ಮೆತ್ತಿದಳು. ಉಡ ಒಮ್ಮೆ ನೆಕ್ಕಿ, ಮುಖ ಕಿವುಚಿ, ದೇಶವನ್ನೇ ಬಿಟ್ಟುಹೋಯಿತು.

ಎರಡನೆಯ ದಿನ ಅರಳಿಬೀಜ ಮಂತ್ರಿಸಿ ಎರಚಿದ. ಗಳಿಗೆಯಲ್ಲಿ ಬೇರಿಳಿದು ಕಲ್ಲುಗಳು ಬಾಯಿಬಿಟ್ಟವು. ಮಾರಕ್ಕ ಗಿಡ ಕಿತ್ತು, ಕುದಿಯುವ ಸುಣ್ಣದ ನೀರು ಸುರಿದು ಬೇರು ಸುಟ್ಟಳು.

ಆಗ ಮಾಂತ್ರಿಕ, ಸೇತುವೆ ಇಂದೋ ನಾಳೆಯೋ ಬೀಳುತ್ತದೆಂದು ರಾಜನ ಕಿವಿ ಊದಿದ. ಭೀಮಗಂಭೀರ ರಾಜನಿಗೆ ಹೆಸರಿನಲ್ಲಿದ್ದ ಧೈರ್ಯ ಎದೆಯಲ್ಲಿರಲಿಲ್ಲ.

"ಮಾರಕ್ಕ, ನಾಳೆ ಇನ್ನೊಂದು ಕುಂದು ಕಂಡರೆ ಕೆಡವಿಸಿಬಿಡ್ತೀನಿ," ಎಂದ.

"ಆಗಲಿ ಬುದ್ಧಿ. ಬಂಡಿ ಹೋಗುವಾಗ ಕಮಾನಿನ ಕೆಳಗೇ ಇರ್ತೀನಿ. ಮೊದಲ ಬಂಡಿ ಓಡಿದ ದಿನ ನಮ್ಮ ತಾತನೂ ಹಂಗೇ ಕೂತಿದ್ದ," ಎಂದಳು. ಹೇಳುವಾಗ ಅವಳಿಗೂ ಭಯವಾಯಿತು.

ಮೂರನೆಯ ದಿನ ಮಾಂತ್ರಿಕ ಒಂಬತ್ತನೆಯ ಕಮಾನಿನ ನೆತ್ತಿಗಲ್ಲನ್ನು ಕಿತ್ತೆಸೆದು, ತಾನೇ ಕಲ್ಲಾಗಿ ಅಲ್ಲಿ ಕೂತ. ಬಂಡಿ ಬಂದಾಗ ಹಾರಿಬಿಡುವುದು ಅವನ ಹಂಚಿಕೆ.

ಮಾರಕ್ಕ ತಟ್ಟಿದಳು. "ಅಮ್ಮಾ," ಎಂದಿತು ಕಲ್ಲು.

ಕೆಳಗೆ ನೋಡಿದರೆ ನಿಜವಾದ ಕಲ್ಲು ಹಳ್ಳದಲ್ಲಿ ಬಿದ್ದಿದೆ. ರಾಜನಿಗೆ ಹೇಳಿದರೆ ಸೇತುವೆ ಹೋಯಿತು. ಅವಳು ಮಾತಾಡುವ ಕಲ್ಲಿನ ಎರಡೂ ಕಡೆ ಬೆಣೆ ಹೊಡೆದು, ಅಳಲೆಕಾಯಿ ಗಾರೆ ಗಿಡಿದು, ಹಸಿರು ಬಾವುಟ ಬೀಸಿ, ಕಮಾನಿನ ಕೆಳಗೆ ಬುಟ್ಟಿಯಲ್ಲೇ ಕೂತಳು.

ಬಂಡಿ ಬಂತು. ಭಾರ ಬಿದ್ದಷ್ಟೂ ಕಮಾನಿನ ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಪಾಪ, ಮಾಂತ್ರಿಕನಿಗೆ ಅದು ಗೊತ್ತಿರಲಿಲ್ಲ. ಹಾರಲು ನೋಡಿದ, ಆಗಲಿಲ್ಲ. ಮಂತ್ರವೂ ಮರೆತುಹೋಯಿತು.

"ಬಿಡೇ ತಾಯಿ, ಉಸಿರು ಕಟ್ತಾ ಇದೆ."

"ಬಿಟ್ರೆ ಬಂಡಿ ಬೀಳ್ತದಲ್ಲಣ್ಣ. ತಡ್ಕೊ."

ಕೊನೆಯ ಡಬ್ಬಿ ದಾಟುವಷ್ಟರಲ್ಲಿ ಅವನು ನಿಜವಾಗಿಯೂ ಕಲ್ಲಾಗಿದ್ದ. ದಡದಲ್ಲಿ ನಿಂತಿದ್ದ ರಾಜ ಮುಚ್ಚಿದ ಕಣ್ಣು ತೆರೆದು, "ನಾನು ಮೊದಲೇ ಹೇಳಿರಲಿಲ್ವೇ, ಗಟ್ಟಿ ಸೇತುವೆ," ಎಂದ. ಮಾರಕ್ಕ ನಕ್ಕು, ಸಂಜೆಯ ಬಂಡಿ ಹತ್ತಿ ತವರಿಗೆ ಹೋಗಿ ಹೊಟ್ಟೆ ತುಂಬ ಹೋಳಿಗೆ ತಿಂದಳು. ಎರಡೂ ದಡದವರು ಸುಖವಾಗಿದ್ದರು.

ಈಗಲೂ ಬೆಳಿಗ್ಗೆ ತಟ್ಟಿದರೆ ಎಲ್ಲ ಕಲ್ಲೂ ಠಣ್ ಎನ್ನುತ್ತವೆ. ಅದೊಂದು ಮಾತ್ರ, "ನಿಧಾನಕ್ಕಮ್ಮಾ," ಎನ್ನುತ್ತದೆ.