ಅಕ್ಕನಿಗೆ ಗಡ್ಡ ಯಾಕೆ?

“ಅಕ್ಕಾ, ಬಾಗಿಲು ತೆಗಿ! ಸ್ಕೂಲ್ ವ್ಯಾನ್ ಬರುತ್ತೆ!”

ಯಾಕಮ್ಮ ಬಚ್ಚಲಿನ ಬಾಗಿಲು ಬಡಿದಳು. ಮಾತುಮಾತಿಗೂ ‘ಯಾಕೆ’ ಅನ್ನುವವಳಿಗೆ ಮನೆಯವರು ಇಟ್ಟ ಹೆಸರು ಅದು.

ಬಾಗಿಲು ತೆರೆಯಿತು. ಕಾಲೇಜಿಗೆ ಹೋಗುವ ಅಕ್ಕನ ಕೈಯಲ್ಲಿ ಅಪ್ಪನ ರೇಜರ್! ಗದ್ದದಲ್ಲಿ ರಕ್ತ!

“ನಿಂಗ್ಯಾಕೆ ರೇಜರ್? ನಿಂಗೇನು ಗಡ್ಡ ಬರುತ್ತಾ?”

“ಹೂಂ, ಬರುತ್ತೆ.”

ಯಾಕಮ್ಮ ನಕ್ಕಳು. ಅಕ್ಕ ನಗಲಿಲ್ಲ.

“ಕ್ಲಾಸಲ್ಲಿ ‘ಏನಣ್ಣಾ’ ಅಂತ ಕರೀತಾರೆ. ನಾಲ್ಕು ತಿಂಗಳಿಂದ ಮುಟ್ಟೂ ಆಗಿಲ್ಲ. ಹುಡುಗ ಆಗ್ಬಿಡ್ತೀನೇನೋ ಅಂತ ಭಯ. ಯಾರಿಗೂ ಹೇಳ್ಬೇಡ.”

ಮುಟ್ಟು ಅಂದರೇನೆಂದು ಟೀಚರ್ ಹೇಳಿದ್ದರು. ಆದರೆ ಅದಕ್ಕೂ ಗಡ್ಡಕ್ಕೂ ಏನು ಸಂಬಂಧ? ಇಡೀ ದಿನ ಯಾಕಮ್ಮನ ತಲೆಯಲ್ಲಿ ಅದೇ ಹುಳ.

ಸಂಜೆ ಅಮ್ಮ ಹೊಲಿಗೆ ಮೆಷಿನ್ನಿಗೆ ದಾರ ಪೋಣಿಸುತ್ತಿದ್ದಳು. ಯಾಕಮ್ಮನ ಬಾಯಿ ತಡೆಯಲಿಲ್ಲ.

“ಅಮ್ಮಾ, ಹುಡುಗೀರಿಗೂ ಗಡ್ಡ ಬರುತ್ತಾ? ಅಕ್ಕಂಗ್ಯಾಕೆ...”

ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅಮ್ಮನ ಕೈ ನಿಂತಿತ್ತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

“ನಿನ್ನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ವಲ್ಲ!”

ಆಮೇಲೆ ಅಕ್ಕ ಅವಳ ಜೊತೆ ಮಾತೇ ಬಿಟ್ಟಳು.

ಮರುದಿನ ಅಮ್ಮ ಇಬ್ಬರನ್ನೂ ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದಳು.

“ಏನಮ್ಮ ತೊಂದ್ರೆ?” ಡಾಕ್ಟರಮ್ಮ ಕೇಳಿದರು. ಅಕ್ಕ ನೆಲ ನೋಡಿದಳು. ಯಾಕಮ್ಮನಿಗೆ ಎಲ್ಲ ಗೊತ್ತಿತ್ತು. ಮಾತು ತುಟಿಯವರೆಗೆ ಬಂತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಕ್ಕನೇ ಮೆಲ್ಲಗೆ ಹೇಳಲು ಶುರುಮಾಡಿದಳು.

“ಹುಡುಗ ಗಿಡುಗ ಏನೂ ಆಗಲ್ಲ,” ಡಾಕ್ಟರಮ್ಮ ನಕ್ಕರು. “ದೇಹದ ಒಳಗೆ ಸುದ್ದಿ ಮುಟ್ಟಿಸೋಕೆ ಹಾರ್ಮೋನ್‌ಗಳಿರುತ್ತೆ. ಗಂಡಸರ ಹಾರ್ಮೋನ್ ಹೆಂಗಸರಲ್ಲೂ ಚೂರು ಇದ್ದೇ ಇರುತ್ತೆ. ಅದು ಹೆಚ್ಚಾದ್ರೆ ಗದ್ದದಲ್ಲಿ ಕೂದಲು ಬರಬಹುದು, ಮುಟ್ಟೂ ತಪ್ಪಬಹುದು. ಎಷ್ಟೋ ಜನಕ್ಕೆ ಹೀಗಾಗುತ್ತೆ. ಮೊದಲು ರಕ್ತ ಪರೀಕ್ಷೆ ಮಾಡೋಣ, ಆಮೇಲೆ ಔಷಧಿ. ಆದ್ರೆ ಒಂದೇ ದಿನಕ್ಕೆ ಸರಿಹೋಗಲ್ಲ.”

“ನಂದೇ ಏನಾದ್ರೂ ತಪ್ಪಾ?”

“ಜ್ವರ ಬಂದ್ರೆ ಯಾರ ತಪ್ಪಮ್ಮಾ?”

ಅಕ್ಕ ದೊಡ್ಡದಾಗಿ ಉಸಿರು ಬಿಟ್ಟಳು.

ಮನೆಯ ಮೆಟ್ಟಿಲಲ್ಲಿ ಪಕ್ಕದ ಮನೆ ಆಂಟಿ ಸಿಕ್ಕರು. ಸುದ್ದಿ ಬೇಕಾದರೆ ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತಿತ್ತು.

“ಏನೇ ಯಾಕಮ್ಮ, ಮೂರೂ ಜನ ಎಲ್ಲಿಗೆ ಹೋಗಿದ್ರಿ?”

ಯಾಕಮ್ಮ ಬಾಯಿ ತೆರೆದಳು. ಅಕ್ಕನ ಮುಖ ನೋಡಿದಳು.

“ಅಕ್ಕನ್ನ ಕೇಳಿ, ಆಂಟಿ. ಹೇಳಬೇಕು ಅನ್ಸಿದ್ರೆ ಅವಳೇ ಹೇಳ್ತಾಳೆ.”

ಅಕ್ಕ ತಂಗಿಯ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.